ನೇಮಕಾತಿ ಮಧ್ಯವರ್ತಿಗಳ ಕಪ್ಪುಪಟ್ಟಿ

ನೇಮಕಾತಿ ಮಧ್ಯವರ್ತಿಗಳ ಕಪ್ಪುಪಟ್ಟಿ ಎಂದರೆ ಕೂಲಿಕಾರರನ್ನು ಒದಗಿಸುವ ಕೆಲಸದಲ್ಲಿ ವಂಚನೆ ಎಸಗಿದ ಮೇಸ್ತ್ರಿ, ದಲ್ಲಾಳಿ ಅಥವಾ ಏಜೆಂಟರೊಡನೆ ಮುಂದೆ ವ್ಯವಹರಿಸಬಾರದೆಂದು ಗುತ್ತಿಗೆದಾರರು, ಮಾಲೀಕರು ಇಲ್ಲವೆ ಸರ್ಕಾರ ಇಟ್ಟುಕೊಳ್ಳುವ ಹೆಸರುಗಳ ಪಟ್ಟಿ. ಮುಂಗಡ ಪಡೆದು ಆಳುಗಳನ್ನು ಕರೆತರದಿರುವುದು, ಕೂಲಿಯಲ್ಲಿ ಗುಟ್ಟಾಗಿ ಪಾಲು ಹಿಡಿಯುವುದು, ಇಲ್ಲದ ಕೆಲಸದ ಆಸೆ ತೋರಿಸಿ ಹಣ ಕೀಳುವುದು ಇವು ಸಾಮಾನ್ಯವಾಗಿ ಕೇಳಿಬರುವ ಆರೋಪಗಳು. ಗುತ್ತಿಗೆದಾರರು ತಾವೇ ಇಂತಹ ಪಟ್ಟಿ ಮಾಡಬಹುದೇ, ಮಾಡಿದರೆ ಅದು ಕಾಯುವುದು ಕೂಲಿಯವನನ್ನೋ ಗುತ್ತಿಗೆದಾರನನ್ನೋ ಎಂಬ ಪ್ರಶ್ನೆಗಳು ಚರ್ಚೆಯಲ್ಲಿವೆ.

ತೆಂಗಿನ ಸೀಮೆಯಲ್ಲಿ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಉಂಡೆ ಕೊಬ್ಬರಿಗೆ ಹೆಸರಾದವು. ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಲು ಬಿಟ್ಟು, ಅನಂತರ ಸುಲಿದು, ಚಿಪ್ಪು ಒಡೆದು ಕೊಬ್ಬರಿ ತೆಗೆಯಲಾಗುತ್ತದೆ. ಮರ ಹತ್ತಿ ಕಾಯಿ ಕೀಳುವುದು, ಹೊರುವುದು, ಸುಲಿಯುವುದು, ಚಿಪ್ಪು ಒಡೆಯುವುದು ಎಲ್ಲವೂ ಕೈಕೆಲಸ. ಎಲ್ಲಕ್ಕೂ ಆಳು ಬೇಕು. ಮರ ಹತ್ತುವವರು ಸಿಗುವುದು ಕಷ್ಟವಾದ ಕಾರಣ ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಯಂತ್ರದ ನೆರವಿನಿಂದ ಮರ ಹತ್ತುವ ತರಬೇತಿಯನ್ನು ಆರಂಭಿಸಿತು.

ಈ ಕೆಲಸಗಳಿಗೆ ಆಳು ಹೊಂದಿಸುವುದು ಬಹುಮಟ್ಟಿಗೆ ಬಾಯಿಮಾತಿನ ಮೇಲೆ ನಡೆಯುವ ವ್ಯವಹಾರ. ತೋಟದವರು ಮೇಸ್ತ್ರಿಗೆ ಹೇಳುತ್ತಾರೆ, ಮೇಸ್ತ್ರಿ ನಾಲ್ಕಾರು ಜನರ ತಂಡ ಕಟ್ಟಿ ಕರೆತರುತ್ತಾನೆ. ಮುಂಗಡಕ್ಕೆ ರಸೀದಿ ಇರುವುದು ಅಪರೂಪ. ಮೋಸವಾದರೆ ‘ಆ ಮೇಸ್ತ್ರಿಯನ್ನು ಕರೆಯಬೇಡಿ’ ಎಂಬ ಮಾತು ಸಂತೆಯಲ್ಲಿ, ಮಾರುಕಟ್ಟೆಯಲ್ಲಿ ಕಿವಿಯಿಂದ ಕಿವಿಗೆ ಹೋಗುತ್ತದೆ. ಕಾಗದದ ಮೇಲೆ ಇಲ್ಲದಿದ್ದರೂ ಅದೂ ಒಂದು ಕಪ್ಪುಪಟ್ಟಿಯೇ. ಆದರೆ ಅದರಲ್ಲಿ ಸೇರುವುದು ತೋಟದವರಿಗಾದ ನಷ್ಟದ ಕಥೆ ಮಾತ್ರ. ಕೂಲಿಯ ದುಡ್ಡು ಕೊಡದೆ ಕೈಯೆತ್ತಿದ ಮೇಸ್ತ್ರಿಯ ಹೆಸರನ್ನು ಆ ಪಟ್ಟಿಗೆ ಸೇರಿಸುವ ದಾರಿ ಹೊರಗಿನಿಂದ ಬಂದ ಆಳಿಗೆ ಇರುವುದಿಲ್ಲ. ಅವನಿಗೆ ಸಂತೆಯೂ ಹೊಸದು, ಎಷ್ಟೋ ಸಲ ಭಾಷೆಯೂ ಹೊಸದು.

ಹಿನ್ನೆಲೆ

ಮೇಸ್ತ್ರಿ ಪದ್ಧತಿ ಕರ್ನಾಟಕಕ್ಕೆ ಹೊಸದಲ್ಲ. ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಹತ್ತೊಂಬತ್ತನೆಯ ಶತಮಾನದಿಂದಲೂ ಮುಂಗಡ ಹಂಚಿ ಆಳುಗಳನ್ನು ಕರೆತಂದವರು ಮೇಸ್ತ್ರಿಗಳು ಮತ್ತು ಕಂಗಾಣಿಗಳು. ಬ್ರಿಟಿಷ್ ಭಾರತದ 1859ರ ಕರಾರುಭಂಗ ಕಾಯಿದೆಯ ಪ್ರಕಾರ, ಮುಂಗಡ ಪಡೆದು ಕೆಲಸಕ್ಕೆ ಬಾರದ ಕೂಲಿಯವನು ಮ್ಯಾಜಿಸ್ಟ್ರೇಟರ ಆದೇಶಕ್ಕೂ ತಪ್ಪಿದರೆ ಮೂರು ತಿಂಗಳವರೆಗೆ ಸೆರೆವಾಸ ಅನುಭವಿಸಬೇಕಾಗಿತ್ತು. ಮೇಸ್ತ್ರಿಯು ಕೂಲಿಯವನಿಗೆ ಮಾಡುವ ಮೋಸಕ್ಕೆ ಅದರಲ್ಲಿ ಮದ್ದಿರಲಿಲ್ಲ. 1925ರಲ್ಲಿ ಅದನ್ನು ರದ್ದುಗೊಳಿಸುವ ಕಾಯಿದೆ ಬಂದಿತು.

ಕಾನೂನಿನ ಚೌಕಟ್ಟು

ಸ್ವಾತಂತ್ರ್ಯಾನಂತರದ ಶಾಸನಗಳು ಈ ಹೊಣೆಯನ್ನು ಮೇಲಕ್ಕೆ, ಅಂದರೆ ಕೆಲಸ ಕೊಡುವವನ ಕಡೆಗೆ ಸರಿಸಿದವು. 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯು ಕಾರ್ಮಿಕರನ್ನು ಒದಗಿಸುವವನು ಪರವಾನಗಿ ಪಡೆಯಬೇಕೆಂದೂ, ಕೂಲಿ ಬಟವಾಡೆಯ ವೇಳೆ ಮುಖ್ಯ ಮಾಲೀಕನ ಪ್ರತಿನಿಧಿ ಹಾಜರಿರಬೇಕೆಂದೂ, ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮುಖ್ಯ ಮಾಲೀಕನೇ ಕೊಟ್ಟು ಅನಂತರ ಅವನಿಂದ ವಸೂಲು ಮಾಡಿಕೊಳ್ಳಬೇಕೆಂದೂ ವಿಧಿಸಿತು. ಒಡಿಶಾದ ದಾದನ್ ಕಾರ್ಮಿಕರ ಶೋಷಣೆಯ ಹಿನ್ನೆಲೆಯಲ್ಲಿ ರೂಪುಗೊಂಡ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯು ಪ್ರಯಾಣ ಭತ್ಯೆ ಮತ್ತು ಸ್ಥಳಾಂತರ ಭತ್ಯೆಗಳನ್ನು ಸೇರಿಸಿತು.

ಮಧ್ಯವರ್ತಿಯ ಪಾಲು ಎಷ್ಟು ಸಲೀಸಾಗಿ ಕಣ್ಮರೆಯಾಗುತ್ತದೆ ಎಂಬುದಕ್ಕೆ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಪ್ರಕರಣ ಪ್ರಸಿದ್ಧ ನಿದರ್ಶನ. ದೆಹಲಿಯ ಆ ಕಾಮಗಾರಿಗಳಲ್ಲಿ ದಿನಕ್ಕೆ 9.25 ರೂಪಾಯಿ ಕನಿಷ್ಠ ಕೂಲಿ ಗೊತ್ತಾಗಿತ್ತು. ಗುತ್ತಿಗೆದಾರರು ಅದನ್ನು ಜಮಾದಾರರ ಕೈಗೆ ಕೊಟ್ಟರು; ಜಮಾದಾರರು ಒಂದು ರೂಪಾಯಿ ಕಮಿಷನ್ ಹಿಡಿದು 8.25 ರೂಪಾಯಿ ಮಾತ್ರ ಹಂಚಿದರು. 1982ರಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಹೇಳಿತು. ಕೂಲಿ ನೇರವಾಗಿ ಕಾರ್ಮಿಕನ ಕೈ ಸೇರಬೇಕೆಂಬುದು ಆ ತೀರ್ಪಿನ ಸಾರ. ಜಮಾದಾರರ ಹೆಸರುಗಳನ್ನು ಬರೆದಿಟ್ಟುಕೊಂಡಿದ್ದರೆ ಆ ಒಂದು ರೂಪಾಯಿ ಉಳಿಯುತ್ತಿರಲಿಲ್ಲ, ಬಟವಾಡೆಯ ಕ್ರಮ ಬದಲಾದರೆ ಉಳಿಯುತ್ತಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ರಕ್ಷಣೆಗಳಿಗೆ ಸಂಖ್ಯೆಯ ಹೊಸಿಲಿದೆ. 1970ರ ಕಾಯಿದೆ 20 ಮತ್ತು 1979ರ ಕಾಯಿದೆ ಐದು ಕಾರ್ಮಿಕರಿಂದ ಅನ್ವಯವಾಗುತ್ತಿದ್ದವು. ಅವುಗಳ ಜಾಗದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಈ ಮಿತಿಗಳನ್ನು ಕ್ರಮವಾಗಿ 50 ಮತ್ತು 10ಕ್ಕೆ ಏರಿಸಿದೆ. ತನ್ನಷ್ಟಕ್ಕೆ ತಾನೇ ಬಂದವನನ್ನೂ ವಲಸೆ ಕಾರ್ಮಿಕನೆಂದು ಪರಿಗಣಿಸಿರುವುದು ಅದರ ಒಳ್ಳೆಯ ಅಂಶ. ದೊಡ್ಡ ಕಾಲುವೆ, ರಸ್ತೆ ಕಾಮಗಾರಿಗಳು ಈ ಸಂಹಿತೆಯ ವ್ಯಾಪ್ತಿಗೆ ಬರುತ್ತವೆ. ಕಾಯಿ ಸುಲಿಯುವ ಆರು ಜನರ ತಂಡ ಬರುವುದಿಲ್ಲ. ಅಂತಹ ತಂಡಕ್ಕೂ ಉಳಿಯುವ ಆಸರೆ 1976ರ ಜೀತಪದ್ಧತಿ ರದ್ದತಿ ಕಾಯಿದೆ. ಮುಂಗಡದ ಸಾಲ ತೋರಿಸಿ ಆಳನ್ನು ಹೋಗಗೊಡದಿದ್ದರೆ, ತಲೆಯೆಣಿಕೆ ಎಷ್ಟೇ ಇರಲಿ, ಅದು ಅಪರಾಧ.

ಪಟ್ಟಿಗೆ ಸೇರಿಸುವ ಕ್ರಮ

ಸರ್ಕಾರಿ ಸಂಸ್ಥೆಯೊಂದು ಯಾರನ್ನಾದರೂ ಕಪ್ಪುಪಟ್ಟಿಗೆ ಸೇರಿಸುವ ಮುನ್ನ ಅವರ ಅಹವಾಲು ಕೇಳಲೇಬೇಕೆಂದು ಸುಪ್ರೀಂ ಕೋರ್ಟು ಎರೂಸಿಯನ್ ಇಕ್ವಿಪ್ಮೆಂಟ್ ಪ್ರಕರಣದಲ್ಲಿ (1974) ತೀರ್ಮಾನಿಸಿತು. ಗೂರ್ಖಾ ಸೆಕ್ಯೂರಿಟಿ ಸರ್ವಿಸಸ್ ಪ್ರಕರಣವು (2014) ಇನ್ನೂ ಮುಂದೆ ಹೋಗಿ, ಕಪ್ಪುಪಟ್ಟಿಗೆ ಸೇರಿಸುವ ಉದ್ದೇಶವಿದೆಯೆಂಬುದು ನೋಟಿಸಿನಿಂದಲೇ ತಿಳಿಯುವಂತಿರಬೇಕೆಂದಿತು.

ಖಾಸಗಿ ಗುತ್ತಿಗೆದಾರರಿಗೆ ಈ ಕಟ್ಟುಪಾಡು ನೇರವಾಗಿ ಇಲ್ಲ. ಯಾರೊಡನೆ ವ್ಯವಹರಿಸಬೇಕೆಂಬುದು ಅವರವರ ಇಷ್ಟ. ಪಟ್ಟಿಯನ್ನು ಇತರರಿಗೆ ಹಂಚಿದಾಗ ಮಾತ್ರ ಮಾನನಷ್ಟದ ಪ್ರಶ್ನೆ ಏಳುತ್ತದೆ. ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮು, ಇನ್ನೊಬ್ಬರ ಹಿತಕ್ಕಾಗಿ ಸದ್ಭಾವನೆಯಿಂದ ಕೊಟ್ಟ ಎಚ್ಚರಿಕೆಯನ್ನು ವಿನಾಯಿತಿಗಳ ಸಾಲಿನಲ್ಲಿ ಇರಿಸಿದೆ. ವಿಚಾರಿಸದೆ, ಪುರಾವೆಯಿಲ್ಲದೆ ಹಬ್ಬಿಸಿದ ಹೆಸರಿಗೆ ಆ ಆಶ್ರಯ ಸುಲಭವಾಗಿ ದೊರೆಯದು.

ಪರ ವಿರೋಧ

ಒಬ್ಬ ಗುತ್ತಿಗೆದಾರನಿಗೆ ಟೋಪಿ ಹಾಕಿದ ಏಜೆಂಟ್ ಮರುವಾರವೇ ಇನ್ನೊಬ್ಬನ ಬಳಿ ಮುಂಗಡ ಕೇಳುವುದನ್ನು ಪಟ್ಟಿ ತಡೆಯುತ್ತದೆ ಎಂಬುದು ಪರವಾದ ಮುಖ್ಯ ವಾದ. ಪರವಾನಗಿಯ ಹೊಸಿಲಿನ ಕೆಳಗಿರುವ ತೆಂಗಿನ ಸೀಮೆಯಂತಹ ಕಡೆ ಇದಕ್ಕೆ ತೂಕ ಹೆಚ್ಚು. ವಿರೋಧದ ವಾದಗಳೂ ಹಗುರವಲ್ಲ. ಏಜೆಂಟ್ ಹೆಸರು ಬದಲಿಸಿ, ಭಾವಮೈದುನನ ಹೆಸರಿನಲ್ಲಿ ಮರಳಿ ಬರಬಹುದು. ಹೆಚ್ಚು ಕೂಲಿ ಕೇಳಿದ ಮೇಸ್ತ್ರಿಯೇ ‘ಕೆಟ್ಟವ’ನೆನಿಸಿಕೊಂಡು ಪಟ್ಟಿ ಸೇರಬಹುದು. ಏಜೆಂಟನನ್ನು ಹೊರಗಟ್ಟಿದಾಗ ಅವನು ಕರೆತಂದ ಆಳುಗಳ ಬಾಕಿ ಕೂಲಿ ಯಾರ ತಲೆಗೆ ಎಂಬುದು ಎಲ್ಲಕ್ಕಿಂತ ತೊಡಕಿನ ಪ್ರಶ್ನೆ. ಕಾಯಿದೆ ಅನ್ವಯವಾಗುವ ಕಡೆ ಅದು ಮುಖ್ಯ ಮಾಲೀಕನ ಹೊಣೆ. ಕಪ್ಪುಪಟ್ಟಿಯನ್ನು ತೋರಿಸಿ ಅವನು ಅದರಿಂದ ನುಣುಚಿಕೊಳ್ಳುವಂತಿಲ್ಲ.

ವಿದೇಶ ನೇಮಕಾತಿ

ಸರ್ಕಾರವೇ ಹೆಸರುಗಳನ್ನು ಬಹಿರಂಗಪಡಿಸುವ ಪದ್ಧತಿ ವಿದೇಶದ ಕೆಲಸಗಳ ಮಟ್ಟಿಗೆ ಇದೆ. 1983ರ ವಲಸೆ ಕಾಯಿದೆಯಂತೆ ನೋಂದಣಿ ಇಲ್ಲದವರು ವಿದೇಶಕ್ಕೆ ಜನರನ್ನು ನೇಮಿಸುವಂತಿಲ್ಲ. ನೋಂದಾಯಿತ ಏಜೆಂಟರು ಸರ್ಕಾರಕ್ಕೆ ಬ್ಯಾಂಕ್ ಖಾತರಿ ಕೊಡಬೇಕು. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತರ ವಿವರಗಳೂ ನೋಂದಣಿಯಿಲ್ಲದೆ ವ್ಯವಹರಿಸುವವರ ಹೆಸರುಗಳೂ ಸಿಗುತ್ತವೆ. ಹಾಗಿದ್ದೂ 2023ರ ಕೊನೆಯ ವೇಳೆಗೆ ಕಲಬುರಗಿ ಜಿಲ್ಲೆಯ ಯುವಕರು ಭದ್ರತಾ ಸಿಬ್ಬಂದಿ ಹಾಗೂ ಸಹಾಯಕರ ಕೆಲಸವೆಂಬ ಮಾತು ನಂಬಿ ರಷ್ಯಾಕ್ಕೆ ಹೋಗಿ ಯುದ್ಧಭೂಮಿ ಸೇರುವಂತಾಯಿತು. ಇಂತಹ ನೇಮಕಾತಿಯ ಜಾಲದ ವಿರುದ್ಧ ಸಿಬಿಐ 2024ರ ಮಾರ್ಚ್‌ನಲ್ಲಿ ಪ್ರಕರಣ ದಾಖಲಿಸಿತು. ಕಲಬುರಗಿಯ ಯುವಕರು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಊರಿಗೆ ಮರಳಿದರು. ಅವರನ್ನು ಸೆಳೆದ ಪ್ರಚಾರ ನಡೆದದ್ದು ಯೂಟ್ಯೂಬ್ ವಿಡಿಯೊಗಳ ಮೂಲಕ.