ದಮ್ಮು ಕಟ್ಟಿದ ಲಾರಿ, ಆಡುಗೋಡಿಯ ಪಂಪು

ಶಿರಾಡಿ ಘಾಟಿ ಹತ್ತುವಾಗ ಹಳೇ ಟಾಟಾ ಲಾರಿ ಪಿಕಪ್ ಇಲ್ಲದೆ ಮುಗ್ಗರಿಸಿದರೆ ಕಾರಣ ಹುಡುಕೋದು ಹೇಗೆ? ಇದಕ್ಕೂ ಬೆಂಗಳೂರಿನ ಚರಿತ್ರೆಗೂ ನಂಟಿದೆ.

ಜರ್ಮನಿಯ ಬಾಷ್ ಡೀಸೆಲ್ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ್ದು 1927ರಲ್ಲಿ. 1951ರಲ್ಲಿ ಮೈಕೋ ಹುಟ್ಟಿತು. ಮುಂದೆ ಆಡುಗೋಡಿಯಲ್ಲೇ ಪಂಪು, ನಾಝಲ್ ತಯಾರಾದವು. ಮೈಕೋ ಲೇಔಟ್ ಹೆಸರೂ ಅಲ್ಲಿಂದಲೇ ಬಂದಿದ್ದು! 1954ರಲ್ಲಿ ಜಮ್‌ಶೆಡ್‌ಪುರದಿಂದ ಟಾಟಾ-ಮರ್ಸಿಡಿಸ್ ಡೀಸೆಲ್ ಲಾರಿ ಹೊರಬಂತು. ಪೆಟ್ರೋಲ್ ಲಾರಿಯಲ್ಲಿ ಪ್ಲಗ್ ಬಿಚ್ಚಿ ನೋಡ್ತಿದ್ದ ಮೇಸ್ತ್ರಿಗಳಿಗೆ ಇಲ್ಲಿ ಪ್ಲಗ್ಗೇ ಇಲ್ಲ.

ಹಾಗಾಗಿ ಕಿವಿಯೇ ಮೀಟರ್ ಆಯ್ತು. ಎಂಜಿನ್ ಓಡ್ತಿರುವಾಗ ಒಂದೊಂದೇ ನಾಝಲ್ ಪೈಪಿನ ನಟ್ ಸಡಿಲಿಸೋದು. ಸದ್ದು ಕುಗ್ಗಿದರೆ ಆ ಸಿಲಿಂಡರ್ ದುಡೀತಿದೆ. ಏನೂ ಬದಲಾಗದಿದ್ದರೆ ಕಳ್ಳ ಸಿಕ್ಕಿದ. ಕೈ ಮಾತ್ರ ಅಡ್ಡ ಇಡಬೇಡಿ, ಆ ಒತ್ತಡದ ಡೀಸೆಲ್ ಚರ್ಮದೊಳಗೇ ತೂರುತ್ತೆ.

ಎಲ್ಲ ಸಿಲಿಂಡರ್ ಸರಿಯಿದ್ದೂ ಏರಿನಲ್ಲಷ್ಟೇ ದಮ್ಮು ಕಟ್ಟಿದರೆ? ಮೊದಲ ಅನುಮಾನ ಡೀಸೆಲ್ ಫಿಲ್ಟರ್ ಮೇಲೆ, ಆಮೇಲೆ ಪೈಪು ಗಾಳಿ ಎಳೀತಿದೆಯಾ ಅಂತ. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ನೋಡಬೇಕು. ಪಂಪಿಗೆ ಕೈ ಹಾಕೋದು ಕೊನೆಗೆ. ಬಿ.ಕಾಂ ಓದಿದ ನನಗೆ ಕಾಣೋದು ಇದರ ಲೆಕ್ಕ: ಪಂಪ್ ಬಿಚ್ಚಿ ಕ್ಯಾಲಿಬ್ರೇಷನ್‌ಗೆ ಕೊಟ್ಟರೆ ಲಾರಿ ನಿಲ್ಲುತ್ತೆ, ಬಾಡಿಗೆ ನಿಲ್ಲುತ್ತೆ, ಸಾಲದ ಕಂತು ನಿಲ್ಲಲ್ಲ.