ಹೊಳೆಯ ನಡುವಿನ ನೆರೆಯವರು: ಕೃಷ್ಣೆ-ಭೀಮೆಯ ಗಡ್ಡಿಗಳ ಚರಿತ್ರೆ
(ಮಾತೆ ಮರಿಯಮ್ಮನವರ ಸ್ವರ್ಗಾರೋಹಣ ಮಹೋತ್ಸವದ ಚಿಂತನೆ)



ಆಗಸ್ಟ್ 15ರ ಬಲಿಪೂಜೆಯಲ್ಲಿ ನಾವು ಕೇಳುವ ಶುಭಸಂದೇಶದಲ್ಲಿ ಸ್ವರ್ಗಾರೋಹಣದ ಮಾತೇ ಬರುವುದಿಲ್ಲ. ಸಂತ ಲೂಕರು ಹೇಳುವುದು ಒಂದು ಪ್ರಯಾಣದ ಸಂಗತಿ. ಗರ್ಭವತಿಯಾದ ಮರಿಯಮ್ಮನವರು ಗುಡ್ಡಗಾಡಿನ ಊರಿಗೆ ಅವಸರವಾಗಿ ಹೊರಟು, ಆರು ತಿಂಗಳ ಗರ್ಭಿಣಿಯಾಗಿದ್ದ ಎಲಿಜಬೇತಮ್ಮನವರ ಮನೆ ಸೇರುತ್ತಾರೆ, ಸುಮಾರು ಮೂರು ತಿಂಗಳು ಅಲ್ಲೇ ಇರುತ್ತಾರೆ. ದಾರಿ ಹೇಗಿತ್ತು, ಜೊತೆಗೆ ಯಾರಿದ್ದರು ಎಂಬುದನ್ನು ಲೂಕರು ಬರೆದಿಲ್ಲ. ಆದರೆ ಹೊಳೆದಂಡೆಯ ಜನರಾದ ನಮಗೆ ಈ ಹಬ್ಬ ಬರುವ ಹೊತ್ತಿಗೆ ದಾರಿಯದೇ ಚಿಂತೆ. ಆಗ ಕೃಷ್ಣೆ ತುಂಬಿರುತ್ತಾಳೆ.

2014ರ ಜುಲೈ ಕೊನೆಯಲ್ಲಿ ನಡೆದ ಸಂಗತಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಯಾದಗಿರಿ ಜಿಲ್ಲೆಯಲ್ಲಿ, ನಾರಾಯಣಪುರ ಅಣೆಕಟ್ಟೆಯ ಕೆಳಭಾಗದಲ್ಲಿ, ಕೃಷ್ಣೆಯ ನಡುವೆ ನೀಲಕಂಠರಾಯನಗಡ್ಡಿ ಎಂಬ ಪುಟ್ಟ ಊರಿದೆ. ಅಲ್ಲಿನ ತುಂಬು ಗರ್ಭಿಣಿಯೊಬ್ಬಳು ಹೆರಿಗೆಗೆ ಆಸ್ಪತ್ರೆ ಸೇರಬೇಕಿತ್ತು. ಹೊಳೆ ಉಕ್ಕಿ ಹರಿಯುತ್ತಿತ್ತು, ದೋಣಿ ಇಳಿಸುವಂತಿರಲಿಲ್ಲ. ಆ ತಾಯಿ ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತಂದೆ ಮತ್ತು ಅಣ್ಣತಮ್ಮಂದಿರ ಆಸರೆಯಲ್ಲಿ, ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಈಜಿ ಕಕ್ಕೇರಾ ಕಡೆಯ ದಡ ಸೇರಿದಳು. ಸುದ್ದಿ ದೇಶ ವಿದೇಶಗಳ ಪತ್ರಿಕೆಗಳಲ್ಲಿ ಬಂತು. ಎಲ್ಲರೂ ಅವಳ ಧೈರ್ಯವನ್ನು ಹೊಗಳಿದರು. ನಮಗೆ ಮಾತ್ರ ಆ ಹೊಗಳಿಕೆ ಸ್ವಲ್ಪ ಸುಲಭದ್ದೆನಿಸಿತು. ಹೆರಿಗೆಗೆಂದು ಹೊರಟ ಹೆಂಗಸು ಧೈರ್ಯ ತೋರಿಸಬೇಕಾಗಿ ಬಂದದ್ದಾದರೂ ಏಕೆ?

ಉತ್ತರಕ್ಕೆ ಚರಿತ್ರೆಯನ್ನು ನೋಡಬೇಕು. ನಮ್ಮ ಸೀಮೆಯ ಹಳೆಯ ದುಃಖ ನೀರಿಲ್ಲದ ದುಃಖ. 1791-92ರ ಬರಕ್ಕೆ ಜನ ಡೋಗಿ ಬರ ಎಂದು ಹೆಸರಿಟ್ಟರು. ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವಂತೆ. 1876-78ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಎಂದರೆ ಇಂದಿನ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆ, ಅಪಾರ ಜನರನ್ನು ಕಳೆದುಕೊಂಡಿತು. ಅಂಥ ನಾಡಿನಲ್ಲಿ ಬೇಸಿಗೆಯಲ್ಲೂ ಸುತ್ತ ನೀರಿರುವ, ಮೇವು ಸಿಗುವ, ಮೆಕ್ಕಲು ಮಣ್ಣಿನ ಗಡ್ಡಿ ಬಡವನಿಗೆ ದೇವರು ಕೊಟ್ಟ ಜಾಗವಾಗಿಯೇ ಕಂಡಿರಬೇಕು. ಕುರಿ, ಮೇಕೆ ಕಟ್ಟಿಕೊಂಡು, ಒಂದೆರಡು ಎಕರೆ ಉತ್ತುಕೊಂಡು ಬದುಕಬಹುದಿತ್ತು. ಲಿಂಗಸುಗೂರು ತಾಲ್ಲೂಕಿನಲ್ಲಿ ಕೃಷ್ಣೆ ಕವಲೊಡೆದು ಹರಿಯುವ ಕಡೆ ಇಂಥ ಗಡ್ಡಿಗಳು ಹಲವಿವೆ: ಕರಕಲಗಡ್ಡಿ, ಮ್ಯಾದರಗಡ್ಡಿ, ಕಡದರಗಡ್ಡಿ. ಅಲ್ಲೇ ಜಲದುರ್ಗದ ಕೋಟೆಯೂ ಇದೆ. ವೈರಿ ಬಾರದಂತೆ ಹೊಳೆಯೇ ಕಾಯಲಿ ಎಂದು ಅರಸರು ಅಲ್ಲಿ ಕೋಟೆ ಕಟ್ಟಿದರು. ಅರಸನನ್ನು ಕಾಯ್ದ ಅದೇ ನೀರು ಇಂದು ಒಕ್ಕಲಿಗನ ಮನೆಗೆ ವೈದ್ಯರು ಬಾರದಂತೆ ತಡೆಯುತ್ತದೆ.

ಜಲದುರ್ಗದಿಂದ ಮುದಗಲ್ ದೂರವಲ್ಲ. ಅಲ್ಲಿನ ಪುರಾತನ ದೇವಾಲಯವನ್ನು 1557ರಲ್ಲಿ ಯೇಸುಸಭೆಯ ಗುರುಗಳು ಕಟ್ಟಿದರೆಂದು ಹೇಳಲಾಗುತ್ತದೆ. ಈ ಸೀಮೆಯಲ್ಲಿ ನಮ್ಮ ವಿಶ್ವಾಸ ಬೇರೂರಿದ್ದೇ ಹೊಳೆ ಹಳ್ಳ ದಾಟಿ ನಡೆದು ಬಂದವರಿಂದ ಎಂಬುದನ್ನು ಮರೆಯದಿರೋಣ.

ಮುಂದೆ ಅಣೆಕಟ್ಟೆಗಳ ಕಾಲ ಬಂತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟರು. ಆ ಸ್ಥಳ ಆಗ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿತ್ತು, ಈಗ ನಿಡಗುಂದಿಗೆ ಸೇರಿದೆ. ಕೆಳಗಿನ ನಾರಾಯಣಪುರ ಅಣೆಕಟ್ಟೆ 1982ರಲ್ಲಿ ಮುಗಿಯಿತು. 519.60 ಮೀಟರ್ ಎತ್ತರದವರೆಗೆ ಆಲಮಟ್ಟಿಯಲ್ಲಿ 123 ಟಿಎಂಸಿ ನೀರು ನಿಲ್ಲುತ್ತದೆ. ಬರದ ನೆಲಕ್ಕೆ ಕಾಲುವೆ ಬಂತು, ಕಬ್ಬು ಬಂತು, ಊರಿಗೆ ಕುಡಿಯುವ ನೀರು ಬಂತು. ಇದನ್ನು ಲಘುವಾಗಿ ಕಾಣುವವರು ನಾವಲ್ಲ. ಆದರೆ ನೂರಕ್ಕೂ ಹೆಚ್ಚು ಹಳ್ಳಿಗಳು, ಹಳೆಯ ಬಾಗಲಕೋಟೆಯ ಬಹುಭಾಗ ನೀರಿನಡಿ ಹೋದವು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳಕ್ಕೆ ಸುತ್ತ ಗೋಡೆ ಕಟ್ಟಿ ಬಾವಿಯೊಳಗೆ ಇಳಿದಂತೆ ಇಳಿಯಬೇಕಾಯಿತು. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ನೀಲಮ್ಮನವರ ಐಕ್ಯಮಂಟಪವೂ ಹಿನ್ನೀರಿನ ನಡುವೆ ನಿಂತಿದೆ.

ಗಡ್ಡಿಯವರಿಗೆ ಆದ ಬದಲಾವಣೆ ಬೇರೆ ಬಗೆಯದು. ಹಿಂದೆ ಹೊಳೆ ಏರುವ ಮುನ್ನ ಮೋಡ ಹೇಳುತ್ತಿತ್ತು, ನೀರಿನ ಬಣ್ಣ ಹೇಳುತ್ತಿತ್ತು. ಈಗ ಮುದ್ದೇಬಿಹಾಳದಲ್ಲಿ ಬಿಸಿಲಿರುತ್ತದೆ, ಮಳೆ ಸುರಿಯುತ್ತಿರುವುದು ದೂರದ ಮಹಾಬಳೇಶ್ವರದಲ್ಲಿ. ಕೊಯ್ನಾ ತುಂಬುತ್ತದೆ, ಆಲಮಟ್ಟಿ ತುಂಬುತ್ತದೆ, ನಾರಾಯಣಪುರದ ಗೇಟು ಎತ್ತುತ್ತಾರೆ. ಎಷ್ಟು ಕ್ಯುಸೆಕ್ ಎಂಬ ಲೆಕ್ಕದ ಮೇಲೆ ಗಡ್ಡಿಯ ದಾರಿ ಉಳಿಯುವುದೋ ಇಲ್ಲವೋ ಎಂಬುದು ತೀರ್ಮಾನವಾಗುತ್ತದೆ. 2019ರ ಆಗಸ್ಟಿನಲ್ಲಿ ಐದು ಲಕ್ಷ ಕ್ಯುಸೆಕ್ಕಿಗೂ ಹೆಚ್ಚು ನೀರು ಬಿಟ್ಟಾಗ ಶೀಲಹಳ್ಳಿಯ ಸೇತುವೆ ಮುಳುಗಿತು. ಹೊಳೆ ಏರಿದಾಗ ಆಸ್ಪತ್ರೆ, ಸಂತೆ, ಮಕ್ಕಳ ಹೈಸ್ಕೂಲು ಎಲ್ಲವೂ ಆಚೆ ದಡದಲ್ಲೇ ಉಳಿಯುತ್ತವೆ.

ಭೀಮೆಯ ದಂಡೆಯಲ್ಲೂ ಇದೇ ಗೋಳು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಇಂಡಿ, ಸಿಂದಗಿ ಕಡೆಯ ದಂಡೆಯ ಊರುಗಳಿಗೆ ನೀರು ನುಗ್ಗಿತು. ಹಿಂದೆ ಸಿಂದಗಿಗೆ ಸೇರಿದ್ದು ಈಗ ಆಲಮೇಲ ತಾಲ್ಲೂಕಿನಲ್ಲಿರುವ ತಾರಾಪುರದಂಥ ಹಳ್ಳಿ ಮಹಾಪೂರ ಬಂದಾಗ ತಾನೇ ನಡುಗಡ್ಡೆಯಾಗುತ್ತದೆ.

"ಹಾಗಾದರೆ ಅವರು ಬಿಟ್ಟು ಬರಬಾರದೇ?" ಎಂದು ಊರಲ್ಲಿರುವ ನಾವು ಕೇಳುತ್ತೇವೆ. ಬರಬಹುದು. ಆದರೆ ನಿವೇಶನ ಸಿಕ್ಕ ಮಾತ್ರಕ್ಕೆ ಹೊಲ ಸಿಗುವುದಿಲ್ಲ. ದಡದ ಮೇಲೆ ಮನೆ, ಹೊಳೆಯಾಚೆ ಹೊಲ ಎಂದರೆ ದಿನವೂ ಹೊಳೆ ದಾಟಬೇಕು. ಕುರಿ ಮಾರಿದ ಮೇಲೆ ಉಳಿಯುವುದು ಕೂಲಿ, ಇಲ್ಲವೇ ಗುಳೆ. ಮುದುಕರು ಗಡ್ಡಿ ಬಿಡಲೊಲ್ಲರು, ಓದಿದ ಮಕ್ಕಳು ಅಲ್ಲಿಗೆ ಮರಳಲೊಲ್ಲರು. ಇಬ್ಬರದೂ ತಪ್ಪೆಂದು ಹೇಳಲು ನಮಗೆ ಮನಸ್ಸು ಬಾರದು.

ಪ್ರೇಷಿತರ ಕಾರ್ಯಕಲಾಪಗಳ ಕೊನೆಯಲ್ಲಿ ಒಂದು ದ್ವೀಪ ಬರುತ್ತದೆ, ಮಾಲ್ಟಾ. ಹಡಗು ಒಡೆದು 276 ಮಂದಿ ಒದ್ದೆ ಬಟ್ಟೆಯಲ್ಲಿ ದಡಕ್ಕೆ ಬಂದರು. ಅವರಲ್ಲಿ ಸಂತ ಪೌಲರು ಒಬ್ಬ ಕೈದಿ. ದ್ವೀಪದ ಜನ ಮಳೆಯ ಚಳಿಯಲ್ಲಿ ಬೆಂಕಿ ಹೊತ್ತಿಸಿ ಅವರನ್ನು ಆದರಿಸಿದರು. ಪೌಲರು ಪುಬ್ಲಿಯನ ತಂದೆಯ ಜ್ವರ, ಭೇದಿಯನ್ನು ಪ್ರಾರ್ಥಿಸಿ ಗುಣಪಡಿಸಿದರು. ಮೂರು ತಿಂಗಳ ನಂತರ ಹೊರಡುವಾಗ ಬೇಕಾದ್ದನ್ನೆಲ್ಲ ಹಡಗಿಗೆ ತುಂಬಿಸಿ ಕಳುಹಿಸಿದವರೂ ಆ ಜನರೇ. ದ್ವೀಪದವರೆಂದರೆ ಬರೀ ಕೈಚಾಚುವವರು ಎಂದು ಎಣಿಸುವವರು ಈ ಅಧ್ಯಾಯವನ್ನು ಒಮ್ಮೆ ಮನೆಯಲ್ಲಿ ಓದಬೇಕು.

ಇನ್ನು ಮುಂದಿನ ಮಾತು. ಆಲಮಟ್ಟಿಯ ಎತ್ತರವನ್ನು 524.256 ಮೀಟರಿಗೆ ಏರಿಸಲು 2010ರಲ್ಲಿ ನ್ಯಾಯಮಂಡಳಿ ಒಪ್ಪಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಎಂದು ನಿರ್ಧರಿಸಿತು. ಮುಳುಗುವವರಿಗೆ ಅದು ನ್ಯಾಯವೇ. ಗಡ್ಡಿಯವರ ಹೊಲ ಅಣೆಕಟ್ಟೆಯ ಕೆಳಗಿದೆ, ಹಿನ್ನೀರಿನಲ್ಲಿ ಮುಳುಗುವುದಿಲ್ಲ, ಹಾಗಾಗಿ ಈ ಲೆಕ್ಕದಲ್ಲಿ ಅವರ ಹೆಸರು ಬರುವುದಿಲ್ಲ. ಅವರಿಗೆ ಬೇಕಾದದ್ದು ಎತ್ತರದ ಗಟ್ಟಿ ಸೇತುವೆ, ಅದಿಲ್ಲದ ಕಡೆ ಯಂತ್ರದ ದೋಣಿ, ಗೇಟು ಎತ್ತುವ ಮುನ್ನ ಸಕಾಲದಲ್ಲಿ ತಲುಪುವ ಸೂಚನೆ.

ಹೊಳೆದಂಡೆಯ ಧರ್ಮಕೇಂದ್ರಗಳಲ್ಲಿರುವ ಕುಟುಂಬಗಳನ್ನು ನಾವು ಒಂದು ಕೆಲಸಕ್ಕೆ ಬೇಡಿಕೊಳ್ಳುತ್ತೇವೆ. ಜೂನ್ ತಿಂಗಳಲ್ಲೇ ಆಶಾ ಕಾರ್ಯಕರ್ತೆಯರನ್ನು ಕಂಡು, ಹತ್ತಿರದ ಗಡ್ಡಿಗಳಲ್ಲಿ ಜುಲೈನಿಂದ ಅಕ್ಟೋಬರ್ ಒಳಗೆ ಹೆರಿಗೆಯಾಗುವ ತಾಯಂದಿರು ಯಾರಿದ್ದಾರೆಂದು ಕೇಳಿರಿ. ಅವರು ಯಾವ ಜಾತಿ, ಯಾವ ಮತದವರೇ ಆಗಿರಲಿ, ಹೊಳೆ ತುಂಬುವ ಮೊದಲೇ ದಡಕ್ಕೆ ಬಂದು ಉಳಿಯಲು ನಿಮ್ಮ ಮನೆಯಲ್ಲೊಂದು ಕೋಣೆ ಬಿಟ್ಟುಕೊಡಲಾದೀತೇ ನೋಡಿರಿ.