ಪುಣೆಯ ಕನ್ನಡಿಗರ ಯುಗಾದಿ

ತಾಯ್ನಾಡನ್ನು ಬಿಟ್ಟು ಅನ್ಯಪ್ರಾಂತಗಳಲ್ಲಿ ನೆಲಸಿದ ಜನರ ಹಬ್ಬವು ಸಾಮಾನ್ಯವಾಗಿ ಸುತ್ತಲಿನವರ ಪಾಲಿಗೆ ಕೆಲಸದ ದಿನವಾಗಿರುತ್ತದೆ. ಪುಣೆಯ ಕನ್ನಡಿಗರ ಸ್ಥಿತಿ ಇದಕ್ಕಿಂತ ಭಿನ್ನವಾದುದು. ಚೈತ್ರ ಶುದ್ಧ ಪ್ರತಿಪದೆಯಂದು ಅವರ ಮನೆಯಲ್ಲಿ ಯುಗಾದಿ, ನೆರೆಮನೆಯಲ್ಲಿ ಗುಡಿಪಾಡ್ವ. ಅಪರಿಚಿತರ ನಡುವೆ ಹಬ್ಬವು ಮರೆತುಹೋಗಬಹುದೆಂಬ ಭಯ ಇಲ್ಲಿಲ್ಲ. ಅತಿಸಾಮ್ಯದಿಂದಾಗಿ ಒಂದು ಹಬ್ಬವು ಮತ್ತೊಂದರಲ್ಲಿ ಕರಗಿಹೋಗಬಹುದೆಂಬ ಭಯವುಂಟು. ಆದುದರಿಂದ ಇವೆರಡರಲ್ಲಿ ಸಮಾನವಾದುದು ಯಾವುದು, ವಿಶಿಷ್ಟವಾದುದು ಯಾವುದು ಎಂಬುದನ್ನು ವಿವೇಚಿಸುವುದು ಅವಶ್ಯ.

ಮೊದಲನೆಯದಾಗಿ ಕಾಲಗಣನೆ. ಉತ್ತರ ಭಾರತದ ಬಹುಭಾಗದಲ್ಲಿ ಮಾಸಗಳು ಹುಣ್ಣಿಮೆಗೆ ಮುಗಿಯುವುದರಿಂದ ಅಲ್ಲಿ ಹೊಸ ವರ್ಷವು ಚೈತ್ರದ ನಡುವೆ ಆರಂಭವಾಗುತ್ತದೆ. ಗುಜರಾತಿನಲ್ಲಿ ಅದು ಕಾರ್ತಿಕದಲ್ಲಿ ಬರುತ್ತದೆ. ಕರ್ನಾಟಕ ಮಹಾರಾಷ್ಟ್ರಗಳಲ್ಲಾದರೋ ಅಮಾಂತ ಮಾಸ, ಚೈತ್ರಾದಿ ವರ್ಷ, ಶಕಗಣನೆ ಮೂರೂ ಒಂದೇ. ಪ್ರಭವಾದಿ ಸಂವತ್ಸರಗಳ ಹೆಸರೂ ವರ್ಷವರ್ಷಕ್ಕೆ ಹೊಂದಿಕೊಂಡೇ ನಡೆಯುತ್ತದೆ. ಈ ಐಕ್ಯವು ಬಹು ಪ್ರಾಚೀನವಾದುದು. ಒಂದನೆಯ ಪುಲಕೇಶಿಯ ಬಾದಾಮಿಯ ಬಂಡೆಯ ಶಾಸನವು ಶಕ 465ರದು, ಎಂದರೆ ಕ್ರಿ. ಶ. 543ರದು. ಶಕ 500ರ ಮಂಗಳೇಶನ ಗುಹಾಶಾಸನವು ಈ ಗಣನೆಯನ್ನು ಶಕರಾಜನ ಪಟ್ಟಾಭಿಷೇಕದಿಂದ ಎಣಿಸುತ್ತದೆ. ಶಾಲಿವಾಹನನ ಹೆಸರು ಶಕಕ್ಕೆ ಸೇರಿಕೊಂಡುದು ಎಷ್ಟೋ ಶತಮಾನಗಳ ಅನಂತರ. ಆದಕಾರಣ ಶಾಲಿವಾಹನನ ವಿಜಯದ ನೆನಪಿಗೆ ಗುಡಿಯನ್ನು ಏರಿಸುವರೆಂಬ ಜನಪ್ರಿಯ ಕಥೆಯನ್ನು ಐತಿಹ್ಯವೆಂದು ಗೌರವಿಸಬಹುದೇ ಹೊರತು ಇತಿಹಾಸವೆಂದು ಸ್ವೀಕರಿಸುವಂತಿಲ್ಲ.

ಪುಣೆಯ ಸೀಮೆಗೂ ಕನ್ನಡನಾಡಿಗೂ ಇರುವ ಸಂಬಂಧವು ಇದೇ ಕಾಲಗಣನೆಯ ದಾಖಲೆಗಳಲ್ಲಿ ಕಾಣುತ್ತದೆ. ರಾಷ್ಟ್ರಕೂಟ ಒಂದನೆಯ ಕೃಷ್ಣನ ಶಕ 690ರ (ಕ್ರಿ. ಶ. 768) ತಳೇಗಾವ್ ತಾಮ್ರಪಟಗಳಲ್ಲಿ ಈ ಪ್ರದೇಶಕ್ಕೆ ‘ಪೂನಕ’ ಎಂಬ ಹೆಸರಿದೆ. ಆ ದಾನವನ್ನು ಅರಸನು ಗಂಗರ ನಾಡಿನ ಮಣ್ಣೆಯ ಬೀಡಿನಿಂದ ಕೊಟ್ಟನು. ಪುಣೆಯ ನೆಲದ ದಾನಪತ್ರವು ಕನ್ನಡನಾಡಿನ ಪಾಳೆಯದಲ್ಲಿ ಹುಟ್ಟಿತೆಂಬುದು ಗಮನಾರ್ಹ. 1818ರಲ್ಲಿ ಪೇಶವೆಯರ ಆಳಿಕೆ ಮುಗಿದ ಮೇಲೆ ಧಾರವಾಡ, ಬೆಳಗಾವಿ, ವಿಜಾಪುರದ ಸೀಮೆಗಳು ಕ್ರಮೇಣ ಮುಂಬಯಿ ಇಲಾಖೆಗೆ ಸೇರಿದುವು. 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಆರಂಭವಾಗುವ ತನಕ ಆ ಭಾಗದ ತರುಣರಿಗೆ ಉಚ್ಚ ಶಿಕ್ಷಣಕ್ಕಾಗಿ ಪುಣೆಯ ಡೆಕ್ಕನ್, ಫರ್ಗ್ಯುಸನ್ ಕಾಲೇಜುಗಳೇ ಮುಖ್ಯ ಆಶ್ರಯಗಳಲ್ಲಿ ಸೇರಿದ್ದುವು. ‘ಯುಗಾದಿ’ಯ ಕವಿ ದ. ರಾ. ಬೇಂದ್ರೆಯವರು 1918ರಲ್ಲಿ ಫರ್ಗ್ಯುಸನ್ ಕಾಲೇಜಿನಿಂದಲೇ ಪದವೀಧರರಾದರು. 1956ರ ನವಂಬರ 1ರಂದು ರಾಜ್ಯಗಳ ಎಲ್ಲೆಗಳು ಬದಲಾದುವು. ಪುಣೆಯಲ್ಲಿ ಮನೆಮಾಡಿದವರು ಅಲ್ಲಿಯೇ ಉಳಿದರು.

ಇನ್ನು ಗುಡಿಯ ವಿಚಾರ. ಬಿದಿರ ಕೋಲಿನ ತುದಿಗೆ ಜರಿಯ ವಸ್ತ್ರ, ಬೇವಿನ ಎಲೆ, ಹೂಮಾಲೆ, ಸಕ್ಕರೆಯ ಸರಗಳನ್ನು ಕಟ್ಟಿ ಮೇಲೆ ತಂಬಿಗೆಯನ್ನು ಬೋರಲು ಹಾಕಿ ಮನೆಯ ಮುಂದೆ ನಿಲ್ಲಿಸುವುದು ಮರಾಠಿಗರ ಪದ್ಧತಿ. 1290ರ ಜ್ಞಾನೇಶ್ವರಿಯಲ್ಲಿಯೂ ಗುಡಿಯ ಮಾತು ಬರುತ್ತದೆ. ಕನ್ನಡದಲ್ಲಿ ಇಂದು ‘ಗುಡಿ’ ಎಂದೊಡನೆ ದೇವಾಲಯವು ನೆನಪಾಗುವುದರಿಂದ ಈ ಶಬ್ದವು ಪರಕೀಯವೆಂದು ಹಲವರು ಭಾವಿಸುತ್ತಾರೆ. ಆದರೆ ಬಾವುಟವೆಂಬ ಅರ್ಥದಲ್ಲಿ ಅದು ಕನ್ನಡಕ್ಕೂ ಹಳೆಯದು. ಪುರವನ್ನು ಸಿಂಗರಿಸುವಾಗ ಗುಡಿ ತೋರಣಗಳನ್ನು ಕಟ್ಟುವುದು ನಮ್ಮ ಕಾವ್ಯಗಳಲ್ಲಿ ರೂಢಿಯ ಮಾತು. ರೋಮಾಂಚಗೊಳ್ಳುವುದಕ್ಕೆ ‘ಗುಡಿಗಟ್ಟು’ ಎಂಬ ಪ್ರಯೋಗವೂ ಉಂಟು. ಪುಣೆಯ ಕನ್ನಡ ಗೃಹಿಣಿಯು ಮಕ್ಕಳ ಆಸೆಗಾಗಿ ಗುಡಿಯನ್ನು ನಿಲ್ಲಿಸಿದರೆ ಮನೆಯು ಮರಾಠಿಯಾಯಿತೆಂದು ಮರುಗಬೇಕಾದುದಿಲ್ಲ.

ಬೇವೂ ಹೀಗೆಯೇ ಉಭಯಸಾಮಾನ್ಯ. ಮರಾಠಿಗರು ಬೇವಿನ ಎಲೆಯನ್ನು ಬೆಲ್ಲ, ಓಮ, ಹುಣಸೆಗಳೊಡನೆ ಅರೆದು ಚಟ್ನಿಯಂತೆ ಸೇವಿಸುತ್ತಾರೆ. ಹಳೆಯ ಮೈಸೂರಿನವರಿಗೆ ಬೇವಿನ ಹೂವು ಮತ್ತು ಬೆಲ್ಲ ಸಾಕು. ವಿಜಾಪುರ, ಕಲಬುರ್ಗಿಗಳ ಕಡೆಯವರು ಹುಣಸೆಯ ನೀರಿಗೆ ಬೆಲ್ಲ, ಬೇವಿನ ಹೂವು, ಮಾವಿನಕಾಯಿ, ಪುಟಾಣಿಗಳನ್ನು ಬೆರೆಸಿ ಪಾನಕದಂತೆ ಕುಡಿಯುತ್ತಾರೆ. ಹೀಗೆ ಕನ್ನಡಿಗರೊಳಗಿನ ಭೇದವೇ ಕೆಲವೊಮ್ಮೆ ಕನ್ನಡಿಗ ಮರಾಠಿಗರ ನಡುವಣ ಭೇದಕ್ಕಿಂತ ಹೆಚ್ಚಾಗಿ ತೋರುತ್ತದೆ. ಉಪಾಹಾರಗೃಹಗಳ ಉದ್ಯಮದಿಂದ ಪುಣೆಗೆ ಬಂದ ಕರಾವಳಿಯ ತುಳುವರಿಗೆ ವರ್ಷಾರಂಭವೇ ಬೇರೆ. ಅವರದು ಸೌರಮಾನದ ಬಿಸು, ಏಪ್ರಿಲ್ ನಡುಭಾಗದಲ್ಲಿ ಬರುವಂಥದು. ಒಂದೇ ಊರಿನ ಕರ್ನಾಟಕದವರಲ್ಲಿಯೇ ಎರಡು ಹೊಸ ವರ್ಷಗಳುಂಟು.

ಹಾಗಾದರೆ ಪುಣೆಯ ಯುಗಾದಿಯಲ್ಲಿ ಕನ್ನಡತನವು ಎಲ್ಲಿ ನಿಂತಿದೆ? ದಿನದಲ್ಲಿಲ್ಲ, ಬೇವಿನಲ್ಲಿಲ್ಲ, ಹೋಳಿಗೆಯಲ್ಲಿಯೂ ಇಲ್ಲ. ಇವೆಲ್ಲವೂ ಎರಡು ನಾಡುಗಳ ಸಮಾನ ಸಂಪತ್ತು. ಅದು ನಿಂತಿರುವುದು ಆಡುವ ಮಾತಿನಲ್ಲಿ. ಬೇವು-ಬೆಲ್ಲವನ್ನು ಕೈಗೆ ಕೊಡುತ್ತ ಹಿರಿಯರು ಹೇಳುವ ಹರಕೆ, ಸಂಜೆ ಪಂಚಾಂಗವನ್ನೋದಿ ಮಳೆಬೆಳೆಗಳ ಫಲವನ್ನು ತಿಳಿಸುವ ವಾಕ್ಯಗಳು, ಇವು ಯಾವ ಭಾಷೆಯಲ್ಲಿ ನಡೆಯುತ್ತವೆಯೋ ಹಬ್ಬವು ಆ ಭಾಷೆಯದಾಗುತ್ತದೆ. ಮೂರನೆಯ ತಲೆಮಾರಿನ ಮಕ್ಕಳು ಶಾಲೆಯಲ್ಲಿಯೂ ಬೀದಿಯಲ್ಲಿಯೂ ಕನ್ನಡವನ್ನು ಕೇಳದೆ ಬೆಳೆಯುವಾಗ ಈ ನಾಲ್ಕು ವಾಕ್ಯಗಳೇ ಅವರಿಗೆ ದೊರೆಯುವ ಭಾಷೆಯ ಪಾಲಾಗಬಹುದು. ಮನೆಯ ಮುಂದೆ ಗುಡಿ ಏರಲಿ, ಏರದಿರಲಿ. ಒಳಗೆ ಪಂಚಾಂಗಶ್ರವಣವು ಕನ್ನಡದಲ್ಲಿ ನಡೆದರೆ ಅದು ಯುಗಾದಿಯೇ ಸರಿ.